ಹಿಂರೆಕ್ಕೆಯನ್ನೂ ನೋಡಿ: ಪತಂಗಗಳನ್ನು ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಗಾರು ಹಿಡಿದ ಮೇಲೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರಿಂದ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಪತಂಗಗಳಿಗೆ ಸಂಬಂಧಿಸಿದವು. ಹಲವರು ಚಿತ್ರವೊಂದನ್ನು ಕಳಿಸಿ, ಇದು ಯಾವುದು ಎಂದಷ್ಟೇ ಕೇಳಿದ್ದಾರೆ. ಬರಿಯ ಹೆಸರು ಹೇಳಿ ಮುಗಿಸುವ ಬದಲು, ಯಾವ ಲಕ್ಷಣಗಳನ್ನು ಹಿಡಿದು ಆ ಹೆಸರಿಗೆ ಬಂದೆವು ಎಂಬುದನ್ನು ತಿಳಿಸಿದರೆ ಮುಂದಿನ ಪತಂಗವನ್ನು ಓದುಗರು ತಾವೇ ಗುರುತಿಸಬಲ್ಲರು. ಆದ್ದರಿಂದ ಕೆಲವೇ ಪ್ರಶ್ನೆಗಳನ್ನು ಆಯ್ದು ಉತ್ತರಿಸಿದ್ದೇನೆ.

ಪ್ರಶ್ನೆ: ಕುಡಿಮೀಸೆ ಗರಿಯಂತಿದ್ದರೆ ಪತಂಗ, ತುದಿ ದಪ್ಪಗಿದ್ದರೆ ಚಿಟ್ಟೆ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ನಮ್ಮ ಶಾಲೆಯ ಹಿತ್ತಲಿನಲ್ಲಿ ಬಿಳಿಯ ಮೈಮೇಲೆ ಕೆಂಪು, ಕಪ್ಪು ಚುಕ್ಕೆಗಳಿರುವ ಚಿಕ್ಕ ಕೀಟವೊಂದು ಹಗಲಿನಲ್ಲಿಯೇ ಹಾರಾಡುತ್ತದೆ. ಅದರ ಕುಡಿಮೀಸೆ ಗರಿಯಂತೆಯೂ ಇಲ್ಲ, ತುದಿಯಲ್ಲಿ ದಪ್ಪಗೂ ಇಲ್ಲ. ಅದನ್ನು ಯಾವ ಗುಂಪಿಗೆ ಸೇರಿಸಬೇಕು?
– ಒಬ್ಬ ಶಿಕ್ಷಕಿ, ಟಿಳಕವಾಡಿ, ಬೆಳಗಾವಿ

ಉತ್ತರ: ಅದು ಪತಂಗವೇ. ನೀವು ವರ್ಣಿಸಿರುವ ಗುರುತುಗಳು ಯುಟೆತೈಸಾ ಎಂಬ ಕುಲಕ್ಕೆ ಹೊಂದುತ್ತವೆ. ಇದರ ಮರಿಹುಳುಗಳು ಸೆಣಬಿನ ಗಿಡವನ್ನೂ ಅದರ ಜಾತಿಯ ಕಾಡುಗಿಡಗಳನ್ನೂ ತಿಂದು, ಅವುಗಳಲ್ಲಿರುವ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತವೆ. ತಿನ್ನಲು ಬರುವ ಹಕ್ಕಿಗೆ ಆ ಎದ್ದುಕಾಣುವ ಬಣ್ಣವೇ ಎಚ್ಚರಿಕೆ. ಆದ್ದರಿಂದ ಇವು ಹಗಲಿನಲ್ಲಿ ಅಡಗಿ ಕೂರಬೇಕಾದ ಅಗತ್ಯವಿಲ್ಲ.

ಮಕ್ಕಳಿಗೆ ಹೇಳಿಕೊಡುವ ಸೂತ್ರವನ್ನು ಸ್ವಲ್ಪ ಬದಲಿಸಿಕೊಳ್ಳಿ. ಚಿಟ್ಟೆಯ ಕುಡಿಮೀಸೆಯ ತುದಿ ಗುಂಡಗೆ ದಪ್ಪವಾಗಿರುತ್ತದೆ ಎಂಬ ಮಾತು ಸರಿ. ಆದರೆ ಪತಂಗಗಳಲ್ಲಿ ಗರಿಯಂಥ ಕುಡಿಮೀಸೆ ಇರುವುದು ಕೆಲವು ಕುಟುಂಬಗಳಲ್ಲಿ ಮಾತ್ರ, ಅಲ್ಲಿಯೂ ಹೆಚ್ಚಾಗಿ ಗಂಡಿನಲ್ಲಿ ಮಾತ್ರ; ಉಳಿದ ಬಹುಪಾಲು ಪತಂಗಗಳ ಕುಡಿಮೀಸೆ ಬುಡದಿಂದ ತುದಿಯವರೆಗೆ ಸಣ್ಣಗಾಗುತ್ತ ಹೋಗುವ ದಾರದಂತಿರುತ್ತದೆ. ಹಗಲಿನಲ್ಲಿ ಹಾರುವ ಜೈಗೀನಿಡೇ ಕುಟುಂಬದ ಪತಂಗಗಳಲ್ಲಿ ತುದಿಯ ಭಾಗ ದಪ್ಪಗಿರುವುದೂ ಉಂಟು. ಹೀಗಾಗಿ ಕುಡಿಮೀಸೆಯೊಂದನ್ನೇ ನೆಚ್ಚಿಕೊಳ್ಳದೆ ರೆಕ್ಕೆಯ ಬುಡವನ್ನೂ ನೋಡುವುದು ಒಳ್ಳೆಯದು. ದೀಪದ ಕೆಳಗೆ ಸತ್ತು ಬಿದ್ದ ಪತಂಗವೊಂದನ್ನು ಅಂಗಾತ ಮಲಗಿಸಿ, ಭೂತಗನ್ನಡಿ ಹಿಡಿದು ಹಿಂರೆಕ್ಕೆಯ ಬುಡವನ್ನು ನೋಡಿದರೆ, ಅಲ್ಲಿಂದ ಹೊರಟ ಬಿರುಗೂದಲು ಮುಂರೆಕ್ಕೆಯ ಅಡಿಯಲ್ಲಿರುವ ಚಿಕ್ಕ ಕೊಂಡಿಯೊಳಗೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ಹಾರುವಾಗ ಎರಡೂ ರೆಕ್ಕೆಗಳು ಒಟ್ಟಿಗೆ ಬಡಿಯುವುದು ಇದರಿಂದಲೇ. ಸಾಮಾನ್ಯವಾಗಿ ಗಂಡಿನಲ್ಲಿ ಇದು ಒಂದೇ ದಪ್ಪ ಕೂದಲು, ಹೆಣ್ಣಿನಲ್ಲಿ ಹಲವು ತೆಳು ಕೂದಲುಗಳು. ಚಿಟ್ಟೆಗಳಲ್ಲಿ ಈ ಜೋಡಣೆ ಇರುವುದಿಲ್ಲ ಎಂದೇ ಹೇಳಬಹುದು. ರೇಷ್ಮೆ ಪತಂಗಗಳ ಬಳಗದ ದೊಡ್ಡ ಪತಂಗಗಳಲ್ಲಿಯೂ ಅದು ಇರುವುದಿಲ್ಲವಾದರೂ ಅವುಗಳ ದಪ್ಪ ಮೈ ಮತ್ತು ಅಗಲವಾದ ಗರಿಮೀಸೆಗಳನ್ನು ಕಂಡವರಿಗೆ ಸಂಶಯಕ್ಕೆ ಎಡೆಯಿಲ್ಲ.

ಪ್ರಶ್ನೆ: ತೊಗರಿ ಹೊಲದಲ್ಲಿಯೂ ಪಕ್ಕದ ಗೋವಿನಜೋಳದಲ್ಲಿಯೂ ಮೋಹಕ ಬಲೆಗಳನ್ನು ಕಟ್ಟಿದ್ದೇನೆ. ಎರಡರಲ್ಲಿಯೂ ಬೀಳುವುದು ಒಂದೇ ತರಹದ ಮಣ್ಣು ಬಣ್ಣದ ಪತಂಗಗಳು. ಇವುಗಳಲ್ಲಿ ಕಾಯಿಕೊರಕ ಯಾವುದು, ಸೈನಿಕ ಹುಳುವಿನದು ಯಾವುದು ಎಂದು ರೈತರು ತಿಳಿಯುವುದು ಹೇಗೆ?
– ಒಬ್ಬ ರೈತರು, ಸಿಂದಗಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಬಹಳ ಉಪಯುಕ್ತವಾದ ಪ್ರಶ್ನೆ. ಬಲೆಯಲ್ಲಿ ಬಿದ್ದದ್ದೆಲ್ಲವನ್ನೂ ಒಂದೇ ಕೀಟವೆಂದು ಎಣಿಸಿ ಔಷಧಿ ಹೊಡೆಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬಲೆಯ ಗುಳಿಗೆ ಒಂದು ಜಾತಿಯ ಹೆಣ್ಣಿನ ವಾಸನೆಯನ್ನು ಹೋಲುವಂತೆ ತಯಾರಾದದ್ದು, ಆದ್ದರಿಂದ ಅದಕ್ಕೆ ಬರುವುವು ಆ ಜಾತಿಯ ಗಂಡುಗಳು. ಆದರೂ ಬೇರೆ ಜಾತಿಯವು ಆಗಾಗ ಬಂದು ಬೀಳುತ್ತವೆ. ಎಣಿಸುವ ಮುನ್ನ ಗುರುತಿಸಲೇಬೇಕು.

ನಿಮ್ಮ ಬಲೆಗಳಲ್ಲಿ ಕಾಯಿಕೊರಕ, ತಂಬಾಕಿನ ಎಲೆ ತಿನ್ನುವ ಹುಳು, ಫಾಲ್ ಸೈನಿಕ ಹುಳು ಈ ಮೂರರ ಪತಂಗಗಳೂ ಬೀಳಬಹುದು. ಮೂರನ್ನೂ ಬೇರೆಬೇರೆ ಮಾಡಲು ಮೊದಲು ನೋಡಬೇಕಾದದ್ದು ಮಡಿಚಿದ ಮುಂರೆಕ್ಕೆಯ ಕೆಳಗೆ ಅಡಗಿರುವ ಹಿಂರೆಕ್ಕೆಯನ್ನು. ಹೊಸದಾಗಿ ಬಿದ್ದ ಪತಂಗವನ್ನು ಬಿಳಿಯ ಕಾಗದದ ಮೇಲಿಟ್ಟು, ಒಣ ಹುಲ್ಲುಕಡ್ಡಿಯಿಂದ ಮುಂರೆಕ್ಕೆಯನ್ನು ಮುಂದಕ್ಕೆ ಸರಿಸಿ. ಹಿಂರೆಕ್ಕೆ ಮಸುಕು ಕೆನೆ ಬಣ್ಣದ್ದಾಗಿದ್ದು, ಹೊರ ಅಂಚಿನಲ್ಲಿ ಅಗಲವಾದ ಕಪ್ಪುಗಂದು ಪಟ್ಟಿಯಿದ್ದು, ಆ ಪಟ್ಟಿಯ ನಡುವೆ ಅಂಚಿಗೆ ತಾಗಿದಂತೆ ತಿಳಿಯಾದ ಮಚ್ಚೆ ಕಂಡರೆ ಅದು ತೊಗರಿ, ಕಡಲೆಗಳ ಹಸಿರು ಕೀಡೆಯ, ಅಂದರೆ ಹೆಲಿಕೋವರ್ಪಾ ಕಾಯಿಕೊರಕದ ಪತಂಗ. ಅದರ ಮುಂರೆಕ್ಕೆಯ ನಡುವೆ ಮೂತ್ರಪಿಂಡದ ಆಕಾರದ ಮಸುಕು ಮಚ್ಚೆಯೂ, ಹೊರ ಅಂಚಿನುದ್ದಕ್ಕೆ ಕಪ್ಪು ಚುಕ್ಕಿಗಳ ಸಾಲೂ ಇರುತ್ತವೆ. ಗಂಡಿನ ಬಣ್ಣ ಹಸಿರು ಬೆರೆತ ಬೂದು, ಹೆಣ್ಣಿನದು ಕಿತ್ತಳೆಗಂದು. ಬಣ್ಣದ ಈ ವ್ಯತ್ಯಾಸದಿಂದಾಗಿಯೇ ಗಂಡು, ಹೆಣ್ಣುಗಳನ್ನು ಎರಡು ಜಾತಿ ಎಂದು ತಿಳಿಯುವವರಿದ್ದಾರೆ. ಹಿಂರೆಕ್ಕೆಯ ಪಟ್ಟಿ ಇಬ್ಬರಲ್ಲಿಯೂ ಒಂದೇ.

ಹಿಂರೆಕ್ಕೆ ಪಟ್ಟಿಯಿಲ್ಲದೆ ಬೆಳ್ಳಗೆ ಹೊಳೆಯುತ್ತಿದ್ದು, ಅಂಚಿನಲ್ಲಿ ಮಾತ್ರ ಸಣ್ಣ ಕಂದುಗೆರೆ ಇದ್ದರೆ ಅದು ಸ್ಪೊಡಾಪ್ಟೆರಾ ಕುಲದ್ದು. ಆಗ ಮುಂರೆಕ್ಕೆಗೆ ಬನ್ನಿ. ತಂಬಾಕು, ಸೋಯಾ, ಶೇಂಗಾಗಳ ಎಲೆ ತಿನ್ನುವ ಸ್ಪೊಡಾಪ್ಟೆರಾ ಲಿಟುರಾದ ಮುಂರೆಕ್ಕೆಯಲ್ಲಿ ಕೆನೆ ಬಣ್ಣದ ಗೆರೆಗಳು ನರಗಳ ಜಾಡು ಹಿಡಿದು ಒಂದನ್ನೊಂದು ಅಡ್ಡಹಾಯ್ದು, ಇಡೀ ರೆಕ್ಕೆ ಹೆಣೆದಂತೆ ಕಾಣುತ್ತದೆ. ಗೋವಿನಜೋಳದ ಫಾಲ್ ಸೈನಿಕ ಹುಳುವಿನ ಗಂಡು ಪತಂಗದಲ್ಲಿ ಆ ಹೆಣಿಗೆ ಇಲ್ಲ. ಬದಲಾಗಿ ಮುಂರೆಕ್ಕೆಯ ತುದಿಯ ಮೂಲೆಯಲ್ಲಿ ಒಂದು ಬಿಳಿ ತ್ರಿಕೋನ ಮಚ್ಚೆಯೂ, ನಡುಭಾಗದಲ್ಲಿ ಓರೆಯಾದ ತಿಳಿಗಂದು ಮಚ್ಚೆಯೂ ಸ್ಪಷ್ಟವಾಗಿ ಕಾಣುತ್ತವೆ. ಇದರ ಹೆಣ್ಣಿನಲ್ಲಿ ಈ ಯಾವ ಗುರುತೂ ಅಷ್ಟು ನಿಚ್ಚಳವಾಗಿರುವುದಿಲ್ಲವಾದರೂ ಬಲೆಗೆ ಬೀಳುವುದು ಗಂಡೇ ಆದ್ದರಿಂದ ನಿಮಗೆ ತೊಂದರೆಯಾಗದು. ಅಮೆರಿಕ ಖಂಡದ ಮೂಲದ ಈ ಕೀಟ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಿನಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಕೈಪಿಡಿಗಳ ಚಿತ್ರಗಳಲ್ಲಿ ಇದನ್ನು ಹುಡುಕಿದರೆ ಸಿಗುವುದಿಲ್ಲ.

ಒಂದೆರಡು ದಿನ ಬಲೆಯ ಚೀಲದಲ್ಲಿ ಹೊರಳಾಡಿದ ಪತಂಗದ ಹುರುಪೆಗಳು ಉದುರಿ, ಮುಂರೆಕ್ಕೆಯ ಚಿತ್ತಾರವೆಲ್ಲ ಅಳಿಸಿಹೋಗಿರುತ್ತದೆ. ಮುಂಜಾನೆ ಬಲೆ ತೆಗೆದು ನೋಡುವ ರೂಢಿಯಿದ್ದರೆ ಈ ತೊಡಕು ಇರುವುದಿಲ್ಲ. ಸಂಶಯ ಉಳಿದರೆ ಸುಳಿಯಲ್ಲಿರುವ ಮರಿಹುಳುವನ್ನೇ ನೋಡಿ: ಫಾಲ್ ಸೈನಿಕ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿಗೆರೆಯೂ, ಬಾಲದ ಸಮೀಪದ ಖಂಡವೊಂದರ ಬೆನ್ನ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿಗಳೂ ಇರುತ್ತವೆ. ಹತ್ತಿ ಬೆಳೆಯುವ ನಿಮ್ಮ ನೆರೆಯವರಿಗೂ ಒಂದು ಮಾತು ತಿಳಿಸಿ. ಗುಲಾಬಿ ಕಾಯಿಕೊರಕದ ಪತಂಗ ಮೇಲಿನ ಮೂರರ ಅರ್ಧದಷ್ಟು ಮಾತ್ರ ದೊಡ್ಡದು, ಅದರ ಹಿಂರೆಕ್ಕೆಯ ಅಂಚಿನಲ್ಲಿ ಉದ್ದ ಕೂದಲಿನ ಝಾಲರು ಇರುತ್ತದೆ. ಗಾತ್ರ ನೋಡಿದೊಡನೆಯೇ ಅದನ್ನು ಬೇರೆ ಇಡಬಹುದು.

ಪ್ರಶ್ನೆ: ನಮ್ಮ ದಾಳಿಂಬೆ ಹಣ್ಣುಗಳಲ್ಲಿ ತೂತುಗಳಾಗುತ್ತಿವೆ. ಚಿಟ್ಟೆಯ ಕಾಟ ಎಂದು ಒಬ್ಬರು, ರಾತ್ರಿ ಬರುವ ಪತಂಗದ ಕಾಟ ಎಂದು ಇನ್ನೊಬ್ಬರು ಹೇಳುತ್ತಾರೆ. ತೋಟದಲ್ಲಿ ಒಣ ಎಲೆಯಂಥ ದೊಡ್ಡ ಪತಂಗವೊಂದು ಸಿಕ್ಕಿದೆ. ಕೆಳಗಿನ ರೆಕ್ಕೆ ಕಿತ್ತಳೆ ಬಣ್ಣದ್ದು. ಚಿತ್ರ ಕಳಿಸಿದ್ದೇನೆ.
– ಒಬ್ಬ ದಾಳಿಂಬೆ ಬೆಳೆಗಾರರು, ಬಾಗಲಕೋಟೆ ತಾಲ್ಲೂಕು

ಉತ್ತರ: ಇಬ್ಬರ ಮಾತೂ ಸರಿಯಾಗಿರಬಹುದು, ಏಕೆಂದರೆ ದಾಳಿಂಬೆಗೆ ಎರಡೂ ಬಗೆಯ ಶತ್ರುಗಳಿವೆ. ತೂತನ್ನೇ ಮೊದಲು ನೋಡಿ. ಕಾಯಿಯ ಮೇಲೆ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿಹುಳು ಒಳಗೆ ಕೊರೆದು ಬೀಜ ತಿನ್ನುತ್ತಿದ್ದರೆ ತೂತು ದೊಡ್ಡದಾಗಿದ್ದು, ಅದರ ಬಾಯಲ್ಲಿ ಹಿಕ್ಕೆ ಸೇರಿಕೊಂಡು ದುರ್ವಾಸನೆ ಬರುತ್ತದೆ. ಇದು ಡ್ಯೂಡೊರಿಕ್ಸ್ ಐಸೊಕ್ರೇಟ್ಸ್ ಎಂಬ ನಿಜವಾದ ಚಿಟ್ಟೆಯ ಕೆಲಸ; ಹಗಲಿನಲ್ಲಿ ಹಾರುವ ಈ ಚಿಕ್ಕ ಚಿಟ್ಟೆಯ ಹಿಂರೆಕ್ಕೆಗೆ ಎಳೆಯಂಥ ಬಾಲವಿರುತ್ತದೆ. ತೂತು ಸೂಜಿ ಚುಚ್ಚಿದಷ್ಟೇ ಚಿಕ್ಕದಾಗಿದ್ದು, ಅದರ ಸುತ್ತ ಸಿಪ್ಪೆ ಮೆತ್ತಗಾಗಿ ಕೊಳೆಯುತ್ತ ಬಂದಿದ್ದು, ಒಳಗೆ ಹುಳುವೇ ಇಲ್ಲದಿದ್ದರೆ ಅದು ರಾತ್ರಿ ಬಂದು ಹಣ್ಣಿನ ರಸ ಹೀರುವ ಪತಂಗದ ಕೆಲಸ. ಇಲ್ಲಿ ಹಾನಿ ಮಾಡುವುದು ಮರಿಹುಳುವಲ್ಲ, ರೆಕ್ಕೆ ಬಂದ ಪತಂಗವೇ. ಹೆಚ್ಚಿನ ಪತಂಗಗಳ ಸೊಂಡಿಲು ಹೂವಿನ ಮಕರಂದ ಹೀರುವಷ್ಟು ಮೆತ್ತಗಿದ್ದರೆ, ಇದರ ಸೊಂಡಿಲಿನ ತುದಿ ಗಟ್ಟಿಯಾಗಿದ್ದು, ಮುಳ್ಳುಮುಳ್ಳಾಗಿದ್ದು, ದಾಳಿಂಬೆಯ ಸಿಪ್ಪೆಯನ್ನೂ ಭೇದಿಸಬಲ್ಲದು.

ನೀವು ಕಳಿಸಿದ ಚಿತ್ರದಲ್ಲಿರುವುದು ಈ ಗುಂಪಿನ ಯೂಡೊಸಿಮಾ ಕುಲದ ಪತಂಗ. ಕುಳಿತಾಗ ಮುಂರೆಕ್ಕೆಗಳು ಸೂರಿನಂತೆ ಇಳಿಜಾರಾಗಿ ಮೈಯನ್ನು ಮುಚ್ಚುವುದರಿಂದ ಒಣಗಿದ ಎಲೆ ಬಿದ್ದಿದೆ ಎಂದೇ ಅನಿಸುತ್ತದೆ. ಜಾತಿಯನ್ನು ಹೇಳುವುದು ಇಲ್ಲಿಯೂ ಹಿಂರೆಕ್ಕೆಯೇ. ಕಿತ್ತಳೆಯ ನಡುವೆ ದುಂಡಗಿನ ಕಪ್ಪು ಬೊಟ್ಟು ಇದ್ದರೆ ಯೂಡೊಸಿಮಾ ಮಟೆರ್ನಾ. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ದಪ್ಪ ಕಪ್ಪು ಗುರುತು ಇದ್ದರೆ ಯೂಡೊಸಿಮಾ ಫಲೋನಿಯಾ. ನಿಮ್ಮ ಚಿತ್ರದಲ್ಲಿ ಬೊಟ್ಟು ದುಂಡಗಿದೆ, ಆದ್ದರಿಂದ ಅದು ಮಟೆರ್ನಾ. ಔಡಲದ ಹೊಲ ಹತ್ತಿರವಿದ್ದರೆ ಅಕಿಯಾ ಜನಾಟಾ ಎಂಬ ಇನ್ನೊಂದು ಪತಂಗವೂ ಹಣ್ಣಿಗೆ ಬರುತ್ತದೆ. ಅದರ ಹಿಂರೆಕ್ಕೆ ಕಪ್ಪು, ನಡುವೆ ಬಿಳಿ ಪಟ್ಟಿ, ಹೊರ ಅಂಚಿನಲ್ಲಿ ಮೂರು ಬಿಳಿ ಮಚ್ಚೆ.

ಈ ವಿಂಗಡಣೆಯ ಪ್ರಯೋಜನ ನೇರವಾಗಿ ನಿಮ್ಮ ಖರ್ಚಿಗೆ ಸಂಬಂಧಿಸಿದ್ದು. ಯೂಡೊಸಿಮಾದ ಮರಿಹುಳುಗಳು ದಾಳಿಂಬೆಯ ಮೇಲೆ ಬೆಳೆಯುವುದೇ ಇಲ್ಲ. ಬದುವಿನ ಅಮೃತಬಳ್ಳಿ ಮತ್ತು ಅದರ ಬಳಗದ ಬಳ್ಳಿಗಳ ಮೇಲೆ ಬೆಳೆಯುತ್ತವೆ. ಹುಳುವೇ ಇಲ್ಲದ ಗಿಡಕ್ಕೆ ಹುಳುವಿನ ಔಷಧಿ ಹೊಡೆಯುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಹಣ್ಣಿಗೆ ಚೀಲ ಕಟ್ಟುವುದು, ಉದುರಿದ ಕೊಳೆತ ಹಣ್ಣುಗಳನ್ನು ದಿನವೂ ಆರಿಸಿ ಹೂಳುವುದು, ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ತೋಟ ಸುತ್ತಿ ಹಣ್ಣಿನ ಮೇಲೆ ಕುಳಿತ ಪತಂಗಗಳನ್ನು ಹಿಡಿಯುವುದು ಹೆಚ್ಚು ಫಲಕಾರಿ. ಇಂಡಿ ಭಾಗದ ನಿಂಬೆ ಬೆಳೆಗಾರರೂ ಇದನ್ನು ಗಮನಿಸಬೇಕು, ಏಕೆಂದರೆ ನಿಂಬೆಯ ಬಳಗದ ಹಣ್ಣುಗಳನ್ನೂ ಇವು ಬಿಡುವುದಿಲ್ಲ.

ಪ್ರಶ್ನೆ: ಕಬ್ಬಿನ ಎಲೆಯ ಮೇಲೆ ಅಚ್ಚ ಬಿಳಿಯ ಪತಂಗಗಳು ಕೂರುತ್ತಿವೆ. ಕೆಲವುಗಳ ಹಿಂಭಾಗದಲ್ಲಿ ಕಿತ್ತಳೆ ಬಣ್ಣದ ಕೂದಲಿನ ಕುಚ್ಚು ಇದೆ. ಅಪಾಯಕಾರಿಯೇ?
– ಓದುಗರು, ಅಥಣಿ, ಬೆಳಗಾವಿ ಜಿಲ್ಲೆ

ಉತ್ತರ: ಹೌದು. ಅದು ಕಬ್ಬಿನ ಸುಳಿ ಕೊರಕದ ಪತಂಗ. ಕುಚ್ಚು ಇರುವುದು ಹೆಣ್ಣು. ಎಲೆಯ ಅಡಿಯಲ್ಲಿ ಮೊಟ್ಟೆಗಳನ್ನು ಗುಂಪಾಗಿ ಇಟ್ಟು, ಆ ಕುಚ್ಚಿನ ಕೂದಲಿನಿಂದಲೇ ಅವನ್ನು ಮುಚ್ಚುತ್ತದೆ. ಕಂದು ಉಣ್ಣೆಯ ತುಣುಕು ಅಂಟಿದಂತೆ ಕಾಣುವ ಆ ಗುಂಪುಗಳನ್ನು ಎಲೆಯ ಸಮೇತ ಕಿತ್ತು ನಾಶಮಾಡಿ. ಒಣಹುಲ್ಲಿನ ಬಣ್ಣದ, ಮುಖದ ಮುಂದೆ ಮೂತಿ ಚಾಚಿದಂತೆ ಕಾಣುವ ಪತಂಗ ಕಂಡರೆ ಅದು ಬೇರೆ, ಎಳೆಯ ಕಬ್ಬಿನ ಕಾಂಡ ಕೊರೆಯುವ ಕೈಲೋ ಕುಲದ್ದು.

ಪ್ರಶ್ನೆ: ಎಳ್ಳಿನ ಹೊಲದ ಹತ್ತಿರದ ನಮ್ಮ ಮನೆಗೆ ರಾತ್ರಿ ದೊಡ್ಡ ಪತಂಗವೊಂದು ಬಂದಿತ್ತು. ಬೆನ್ನ ಮೇಲೆ ತಲೆಬುರುಡೆಯ ಚಿತ್ರ. ಕೆಳಗಿನ ರೆಕ್ಕೆ ಬುಡದಿಂದಲೇ ಹಳದಿ. ಮುಟ್ಟಿದರೆ ಇಲಿಯ ಹಾಗೆ ಚೀರಿತು. ನಮ್ಮ ಅಜ್ಜಿ ಇದು ಅಪಶಕುನ ಎಂದು ಬಹಳ ನೊಂದುಕೊಂಡಿದ್ದಾರೆ. ಇದು ಯಾವ ಪತಂಗ?
– ಒಬ್ಬ ವಿದ್ಯಾರ್ಥಿನಿ, ಮುದ್ದೇಬಿಹಾಳ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಅಜ್ಜಿಯವರಿಗೆ ಧೈರ್ಯ ಹೇಳಿ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ, ಕೇಡನ್ನು ತರುವುದಂತೂ ಇಲ್ಲವೇ ಇಲ್ಲ. ಬೆನ್ನ ಮೇಲಿನ ಬುರುಡೆ ಎದೆಭಾಗದ ಹುರುಪೆಗಳ ಬಣ್ಣದಿಂದಾದ ಆಕೃತಿ ಮಾತ್ರ. ಅದು ಮನೆಗೆ ಬಂದದ್ದು ದೀಪದ ಬೆಳಕಿಗೆ, ಹೊಲಕ್ಕೆ ಬಂದದ್ದು ಎಳ್ಳಿಗೆ. ಅದರ ಮರಿಹುಳುಗಳು ಎಳ್ಳು, ಬದನೆಗಳ ಎಲೆ ತಿಂದು ಕೈಬೆರಳಿಗಿಂತ ದಪ್ಪಗೆ ಬೆಳೆಯುತ್ತವೆ. ಪಕ್ಕೆಯಲ್ಲಿ ಓರೆಗೆರೆಗಳು, ಬಾಲದಲ್ಲಿ ಒಂದು ಕೊಂಬು ಇರುತ್ತದೆ.

ಇದು ಸ್ಫಿಂಜಿಡೇ ಎಂಬ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬವನ್ನು ಬಣ್ಣ ನೋಡದೆಯೂ ಗುರುತಿಸಬಹುದು: ಎರಡೂ ಕಡೆ ಚೂಪಾಗುವ ಕದಿರಿನಾಕಾರದ ದಪ್ಪ ಮೈ, ಉದ್ದವಾಗಿ ಕಿರಿದಾದ ಮುಂರೆಕ್ಕೆ, ಅದಕ್ಕೆ ಹೋಲಿಸಿದರೆ ಬಹಳ ಚಿಕ್ಕದಾದ ಹಿಂರೆಕ್ಕೆ, ಕುಳಿತಾಗ ಹಿಂದಕ್ಕೆ ಓರೆಯಾಗಿ ಚಾಚಿದ ರೆಕ್ಕೆಗಳು. ಬುರುಡೆಯ ಗುರುತಿರುವ ಅಕಿರೋಂಟಿಯಾ ಕುಲದಲ್ಲಿ ನಮ್ಮಲ್ಲಿ ಎರಡು ಜಾತಿಗಳಿವೆ. ಹಿಂರೆಕ್ಕೆ ಹಳದಿಯಾಗಿದ್ದು ಅದರ ಮೇಲೆ ಎರಡು ಕಪ್ಪು ಪಟ್ಟಿಗಳು ಮಾತ್ರ ಇದ್ದರೆ ಅಕಿರೋಂಟಿಯಾ ಸ್ಟಿಕ್ಸ್. ಹಿಂರೆಕ್ಕೆಯ ಬುಡದಲ್ಲಿಯೇ ದೊಡ್ಡ ಕಪ್ಪು ಮಚ್ಚೆ ತುಂಬಿಕೊಂಡಿದ್ದರೆ ಅಕಿರೋಂಟಿಯಾ ಲಾಕೆಸಿಸ್. ನೀವು ಬರೆದಿರುವಂತೆ ಬುಡವೂ ಹಳದಿಯಾಗಿದ್ದುದರಿಂದ ನಿಮ್ಮದು ಸ್ಟಿಕ್ಸ್.

ಸೊಂಡಿಲನ್ನೂ ಗಮನಿಸಿದ್ದರೆ ಇನ್ನಷ್ಟು ತಿಳಿಯುತ್ತಿತ್ತು. ಇದೇ ಕುಟುಂಬದ, ಗೆಣಸಿನ ಬಳ್ಳಿಯಲ್ಲಿ ಬೆಳೆಯುವ ಅಗ್ರಿಯಸ್ ಕನ್ವಾಲ್ವುಲಿ ಎಂಬ ಪತಂಗದ ಸೊಂಡಿಲು ಅದರ ಮೈಗಿಂತಲೂ ಉದ್ದವಾಗಿದ್ದು, ಆಳವಾದ ಹೂಗಳಿಂದ ಮಕರಂದ ಹೀರುತ್ತದೆ. ಅದರ ಹೊಟ್ಟೆಯ ಇಕ್ಕೆಲಗಳಲ್ಲಿ ಗುಲಾಬಿ ಪಟ್ಟಿಗಳಿರುತ್ತವೆ. ಬುರುಡೆ ಪತಂಗದ ಸೊಂಡಿಲು ಗಿಡ್ಡ ಮತ್ತು ದಪ್ಪ, ಏಕೆಂದರೆ ಅದು ಜೇನುಗೂಡಿಗೆ ನುಗ್ಗಿ ಜೇನು ಹೀರುವ ಪತಂಗ. ನಿಮಗೆ ಕೇಳಿದ ಚೀರುವ ಸದ್ದು ಹೊರಡುವುದೂ ಆ ಗಿಡ್ಡ ಸೊಂಡಿಲಿನ ದಾರಿಯಲ್ಲಿ ಗಾಳಿಯನ್ನು ಒಳಗೆಳೆದು ಹೊರಬಿಡುವುದರಿಂದ. ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಕಾಣುವ, ಮುಂರೆಕ್ಕೆಯ ಉದ್ದಕ್ಕೂ ಬೆಳ್ಳಿಗೆರೆಯಿದ್ದು ಹಿಂರೆಕ್ಕೆ ಕೆಂಗುಲಾಬಿಯಾಗಿರುವ ಹಿಪೋಟಿಯಾನ್ ಸೆಲೆರಿಯೋ ಕೂಡ ಇದೇ ಕುಟುಂಬದ್ದು.

ಪ್ರಶ್ನೆ: ಖಾನಾಪುರದ ಕಾಡಂಚಿನ ನಮ್ಮ ಮನೆಯ ಗೋಡೆಗೆ ಅಂಗೈಗಿಂತ ಅಗಲವಾದ ಕೆಂಗಂದು ಪತಂಗ ಬಂದು ಕುಳಿತಿತ್ತು. ಎರಡು ದಿನ ಏನನ್ನೂ ತಿನ್ನಲಿಲ್ಲ. ಸಕ್ಕರೆ ನೀರು ಇಟ್ಟರೂ ಮುಟ್ಟಲಿಲ್ಲ. ಗಂಡೋ ಹೆಣ್ಣೋ ಹೇಳಬಹುದೇ?
– ಓದುಗರು, ಖಾನಾಪುರ ತಾಲ್ಲೂಕು, ಬೆಳಗಾವಿ ಜಿಲ್ಲೆ

ಉತ್ತರ: ಪ್ರತಿ ರೆಕ್ಕೆಯ ನಡುವೆ ಹುರುಪೆಯಿಲ್ಲದ, ಆಚೆಗಿನದು ಕಾಣುವಂಥ ತ್ರಿಕೋನ ಕಿಟಕಿ ಇರುವುದರಿಂದಲೂ, ಮುಂರೆಕ್ಕೆಯ ತುದಿ ಹಾವಿನ ಹೆಡೆಯಂತೆ ಬಾಗಿರುವುದರಿಂದಲೂ ಅದು ಅಟ್ಲಾಸ್ ಪತಂಗ. ಅದೇ ಕಾಡಿನ ಟಸ್ಸಾರ್ ರೇಷ್ಮೆಯ ಬಳಗದ ಪತಂಗಗಳಲ್ಲಿ ಕಿಟಕಿ ದುಂಡಗಿದ್ದು ಸುತ್ತ ಬಣ್ಣದ ಬಳೆ ಇರುತ್ತದೆ. ಚಂದ್ರ ಪತಂಗವಾದರೆ ತಿಳಿಹಸಿರು ಬಣ್ಣ, ಉದ್ದನೆಯ ಬಾಲ. ಸಕ್ಕರೆ ನೀರನ್ನು ಮುಟ್ಟದಿದ್ದುದು ಸಹಜ. ರೆಕ್ಕೆ ಬಂದ ಮೇಲೆ ಇವಕ್ಕೆ ಉಣ್ಣುವ ಬಾಯಿ ಇರುವುದಿಲ್ಲ. ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರ ಬದುಕಿ, ಸಂತಾನ ಮುಂದುವರಿಸಿ ಸಾಯುತ್ತವೆ. ನೀವು ಕಳಿಸಿದ ಚಿತ್ರದಲ್ಲಿ ಕುಡಿಮೀಸೆಯ ಗರಿ ಕಿರಿದಾಗಿದ್ದು ಹೊಟ್ಟೆ ದಪ್ಪಗಿದೆ, ಅಂದರೆ ಅದು ಹೆಣ್ಣು. ದೂರದ ಹೆಣ್ಣಿನ ವಾಸನೆ ಹಿಡಿಯಬೇಕಾದ ಗಂಡಿನ ಗರಿಗಳು ಇದಕ್ಕಿಂತ ಬಹಳ ಅಗಲ. ಗೋಡೆಯಲ್ಲಿ ಮತ್ತೆ ಕಂಡರೆ ದೀಪ ಆರಿಸಿ, ಅದರ ಪಾಡಿಗೆ ಬಿಡಿ. ಹೋಗಬೇಕಾದ ಹೊತ್ತಿಗೆ ಅದೇ ಹೋಗುತ್ತದೆ.

ಪ್ರಶ್ನೆ: ಚಿತ್ರ ಕಳಿಸುವವರು ಹೇಗೆ ತೆಗೆದು ಕಳಿಸಿದರೆ ಸರಿಯಾದ ಹೆಸರು ಹೇಳಬಹುದು?
– ಹಲವು ಓದುಗರು

ಉತ್ತರ: ಮುಟ್ಟುವ ಮೊದಲು, ಕುಳಿತ ಭಂಗಿಯಲ್ಲಿಯೇ ನೇರ ಮೇಲಿನಿಂದ ಒಂದು ಚಿತ್ರ ತೆಗೆಯಿರಿ. ರೆಕ್ಕೆಗಳು ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿವೆಯೋ, ಇಳಿಜಾರಾಗಿವೆಯೋ, ಕಡ್ಡಿಯಂತೆ ಅಡ್ಡಕ್ಕೆ ಚಾಚಿವೆಯೋ ಎಂಬುದು ಕುಟುಂಬವನ್ನು ತಿಳಿಸುತ್ತದೆ, ಮುಟ್ಟಿದೊಡನೆ ಆ ಭಂಗಿ ಕೆಡುತ್ತದೆ. ಅನಂತರ ಪಕ್ಕದಿಂದ ಒಂದು, ಮುಖ ಮತ್ತು ಕುಡಿಮೀಸೆಗಳು ಕಾಣುವಂತೆ ಒಂದು. ಸಾಧ್ಯವಾದರೆ ಹುಲ್ಲುಕಡ್ಡಿಯಿಂದ ರೆಕ್ಕೆ ಸರಿಸಿ ಹಿಂರೆಕ್ಕೆಯದೊಂದು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಗಾಜಿನ ಕಿಟಕಿಯ ಹೊರಗೆ ಕುಳಿತಿದ್ದರೆ ಒಳಗಿನಿಂದ ಅಡಿಭಾಗದ ಚಿತ್ರ ಸುಲಭವಾಗಿ ಸಿಗುತ್ತದೆ, ಅದನ್ನು ಬಿಡಬೇಡಿ. ಊರು, ದಿನಾಂಕ, ಹತ್ತಿರದ ಬೆಳೆ ಅಥವಾ ಗಿಡ ಇವನ್ನು ತಪ್ಪದೆ ಬರೆಯಿರಿ. ಅಮೃತಬಳ್ಳಿ ಹತ್ತಿರವಿದೆ ಎಂಬ ಒಂದು ಮಾತು ಎಷ್ಟೋ ಸಲ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಇಷ್ಟಾದರೂ ಕೆಲವು ಪತಂಗಗಳನ್ನು ಚಿತ್ರದಿಂದ ಕುಲದವರೆಗೆ ಮಾತ್ರ ಗುರುತಿಸಲು ಸಾಧ್ಯ. ಹೊರನೋಟಕ್ಕೆ ಒಂದೇ ತೆರನಾದ ಜಾತಿಗಳನ್ನು ಬೇರ್ಪಡಿಸಲು ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಬೇಕಾಗುತ್ತದೆ. ಬೆಳೆಗೆ ಸಂಬಂಧಿಸಿದ ಅಂಥ ಸಂಶಯ ಬಂದಾಗ, ಸತ್ತ ಪತಂಗವನ್ನು ಹತ್ತಿಯ ಮೇಲೆ ಒತ್ತಿಡದೆ ಕಾಗದದ ಲಕೋಟೆಯಲ್ಲಿ ರೆಕ್ಕೆ ಮಡಿಚಿದಂತೆಯೇ ಇಟ್ಟು, ಗಟ್ಟಿಯಾದ ಡಬ್ಬಿಯಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಥವಾ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ತೋರಿಸಿ.